ಆಟ ಬಿಡೋ ಹೊತ್ತು

ಹೋದ ತಿಂಗಳು ಚನ್ನಪಟ್ಟಣಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅಳಿಯನಿಗೆ ಈಗ ಮೂರೂವರೆ ವರ್ಷ. ನಾನು ಒಳಗೆ ಹೋದಾಗ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತು, ಅವರಜ್ಜಿಯ (ಅಂದ್ರೆ ನಮ್ಮವ್ವನ) ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು ಏನನ್ನೋ ನೋಡ್ತಿದ್ದ. ಅವ್ವ ಪಕ್ಕದಲ್ಲಿ ಕೂತು ಅನ್ನ ಕಲಸಿ ಬಾಯಿಗಿಡ್ತಿದ್ದರೆ, ಬಾಯಿ ತನ್ನಷ್ಟಕ್ಕೆ ತಾನೇ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕಣ್ಣು ಮಾತ್ರ ಅಲ್ಲಾಡಲಿಲ್ಲ. ಮಾಮ ಬಂದ ಅಂತ ಒಂದು ಸಲ ತಲೆ ಕೂಡ ಎತ್ತಲಿಲ್ಲ, ಬಡ್ಡಿಮಗ.

"ಏನವ್ವಾ ಇದು" ಅಂದೆ.

"ಅದ್ ಕೊಡ್ದಿದ್ರೆ ಒಂದ್ ತುತ್ತೂ ಒಳಕ್ಕೋಗಾಕಿಲ್ಲ ಕಣಪ್ಪ. ನೀನೇ ತಾನೆ ತಂದ್ಕೊಟ್ಟೋನು" ಅಂದ್ರು.

ನಿಜ, ಆ ಫೋನು ತಂದುಕೊಟ್ಟವನು ನಾನೇ. ತಲೆ ಎತ್ತಿದರೆ ಎದುರಿಗೆ ಶೋಕೇಸು. ಅದರ ಗಾಜಿನ ಹಿಂದೆ ಚನ್ನಪಟ್ಟಣದ ಬೊಂಬೆಗಳು ಸಾಲಾಗಿ ನಿಂತಿವೆ... ಒಂದು ರಾಜ ರಾಣಿ ಜೋಡಿ, ಒಂದು ಎತ್ತಿನ ಗಾಡಿ, ಹಳದಿ ಕೆಂಪು ಬಳೆಗಳನ್ನು ಒಂದರ ಮೇಲೊಂದು ಪೇರಿಸುವ ಆಟಿಕೆ. ಯಾವುದಕ್ಕೂ ಮಗು ಕೈ ಹಾಕಿದ ಗುರುತೇ ಇಲ್ಲ. "ಬಣ್ಣ ಹೋಗತ್ತೆ, ನೆಂಟರು ಬಂದಾಗ ನೋಡೋಕೆ ಇರ್ಲಿ" ಅಂತ ಅಕ್ಕನೇ ಬೀಗ ಹಾಕಿದ್ದಾಳೆ. ದೇಶದವರೆಲ್ಲ ಹುಡುಕಿಕೊಂಡು ಬಂದು ಕೊಳ್ಳುವ ಆಟಿಕೆ, ಅದು ಹುಟ್ಟುವ ಊರಿನ ಮನೆಯಲ್ಲೇ ಗಾಜಿನ ಹಿಂದೆ ಇದೆ, ಮಗುವಿನ ಕೈಯಲ್ಲಿ ಇನ್ನೊಂದು ಗಾಜು ಇದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನ ಆಮೇಲೆ ಹೇಳ್ತೀನಿ. ಮಲಗಿಕೊಂಡು ಯೋಚನೆ ಮಾಡ್ತಾ ಹೋದ ಹಾಗೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೂ ಪರದೆಗೂ ಇರೋ ನಂಟು ಎಷ್ಟು ಹಳೇದು ಅನ್ನಿಸಿತು. (2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆ ಆಯ್ತು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಚಿವ ಸಂಪುಟ ತೀರ್ಮಾನ ಮಾಡಿತು. ನನ್ನ ಬಾಯಲ್ಲಿ ಮಾತ್ರ ಇನ್ನೂ ರಾಮನಗರವೇ ಬರೋದು.) ಮಕ್ಕಳು ಪರದೆ ನೋಡೋದು ಹೊಸ ರೋಗ ಅಂತ ನಾವೆಲ್ಲ ಮಾತಾಡ್ತೀವಲ್ಲ, ಹಾಗೇನಿಲ್ಲ. ಪರದೆ ನಮ್ಮ ಕಡೆ ಕರೆಂಟಿಗಿಂತ ಮುಂಚೆಯೇ ಇತ್ತು.

ತೊಗಲುಗೊಂಬೆ ಆಟ ಗೊತ್ತಲ್ಲ. ಬಿಳಿ ಪಂಚೆಯನ್ನೋ ಸೀರೆಯನ್ನೋ ಬಿಗಿದು ಕಟ್ಟಿ, ಹಿಂದೆ ಎಣ್ಣೆ ದೀಪ ಇಟ್ಟು, ಹದ ಮಾಡಿದ ತೊಗಲಿನಲ್ಲಿ ಕತ್ತರಿಸಿ ಬಣ್ಣ ಹಾಕಿದ ರಾಮ, ಸೀತೆ, ರಾವಣರನ್ನು ಆ ಬೆಳಕಿನಲ್ಲಿ ಕುಣಿಸೋದು. ಕಿಳ್ಳೇಕ್ಯಾತರು ಅಂತ ಕರೆಯುವ ಸಮುದಾಯದವರ ಕಸುಬು ಅದು. ಊರಿಂದ ಊರಿಗೆ ಗೊಂಬೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಬೆಳಗಾಗುವವರೆಗೆ ಆಡಿಸುತ್ತಿದ್ದರು. ರಾಮನಗರ ದಾಟಿ ಚನ್ನಪಟ್ಟಣದ ಕಡೆ ಬರುವಾಗ ಹೆದ್ದಾರಿ ಪಕ್ಕದಲ್ಲಿ ಜಾನಪದ ಲೋಕ ಸಿಗತ್ತೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, 1994ರಲ್ಲಿ ಶುರುವಾದದ್ದು. ಅಲ್ಲಿ ಈ ಗೊಂಬೆಗಳನ್ನ ಹತ್ತಿರದಿಂದ ನೋಡಬಹುದು. ನಾನು ಹೈಸ್ಕೂಲ್ ಟ್ರಿಪ್ಪಿನಲ್ಲಿ ಹೋದಾಗ ಹತ್ತು ನಿಮಿಷಕ್ಕೆ ಹೊರಗೆ ಬಂದು ಮಸಾಲೆ ಮಂಡಕ್ಕಿ ತಿಂದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗತ್ತೆ.

ಅಂದ್ರೆ ಕತ್ತಲಲ್ಲಿ ಕೂತು, ಹಿಂದಿನಿಂದ ಬೆಳಕು ಬೀಳುವ ಒಂದು ಚೌಕದಲ್ಲಿ ಬಣ್ಣದ ಆಕೃತಿಗಳು ಕುಣಿಯೋದನ್ನ ಬಾಯಿ ಬಿಟ್ಟುಕೊಂಡು ನೋಡೋದು ಈ ಸೀಮೆಯ ಮಕ್ಕಳಿಗೆ ಹೊಸದಲ್ಲ. ಹಿಂದಿನಿಂದ ಬೆಳಕು ಬಿಟ್ಟು ಮುಂದೆ ಚಿತ್ರ ತೋರಿಸೋದು! ನಮ್ಮ ಎಲ್‌ಸಿಡಿ ಪರದೆ ಕೆಲಸ ಮಾಡೋದೂ ಹಾಗೇ ತಾನೆ :-)

ಆದರೆ ಒಂದು ವ್ಯತ್ಯಾಸ ಇತ್ತು. ಬೆಳಗಾದರೆ ಅದು ಕಾಣ್ತಿರಲಿಲ್ಲ.

*

ಇನ್ನು ಬೊಂಬೆಯ ಕಡೆ ಬರೋಣ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಮರ ಕಡೆಯೋದನ್ನು ಕಲಿಸಿದ ಅನ್ನೋದು ಚನ್ನಪಟ್ಟಣದಲ್ಲಿ ಎಲ್ಲರೂ ಹೇಳುವ ಕಥೆ. ಟಿಪ್ಪುವಿಗೆ ಆಟಿಕೆ ಹುಚ್ಚು ಇದ್ದದ್ದಂತೂ ನಿಜ. ಸೈನಿಕನನ್ನು ಹುಲಿ ಕಚ್ಚುತ್ತಿರುವ, ಹಿಡಿ ತಿರುಗಿಸಿದರೆ ಗುರ್ರೆನ್ನುವ ಮರದ ಯಂತ್ರ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಬ್ರಿಟಿಷರು ಹೊತ್ತುಕೊಂಡು ಹೋದದ್ದು. ರಾಜನ ಆಟಿಕೆಯೂ ಕೊನೆಗೆ ಶೋಕೇಸಿಗೇ ಹೋಯ್ತು ಅನ್ನಿ.

ಈಗಿನ ಚನ್ನಪಟ್ಟಣದ ಬೊಂಬೆಗೆ ಪಿತಾಮಹ ಅಂತ ಎಲ್ಲರೂ ಹೇಳೋದು ಬಾವಾಸ್ ಮಿಯಾನ್ ಅವರ ಹೆಸರನ್ನು. ಜಪಾನಿನ ಬೊಂಬೆ ಮಾಡುವ ತಂತ್ರವನ್ನು ತಿಳಿದುಕೊಂಡು ಇಲ್ಲಿಯ ಕುಶಲಕರ್ಮಿಗಳಿಗೆ ಹಂಚಿದರು ಅಂತ ಅವರನ್ನು ನೆನೆಯುತ್ತಾರೆ. ಹಾಗೆ ನೋಡಿದರೆ 'ಅಪ್ಪಟ ದೇಸಿ' ಅಂತ ನಾವು ಎದೆ ತಟ್ಟಿಕೊಳ್ಳುವ ಈ ಬೊಂಬೆಯಲ್ಲಿ ಪರ್ಷಿಯಾದ ಕಥೆಯೂ ಇದೆ, ಜಪಾನಿನ ಕೈವಾಡವೂ ಇದೆ, ಮರ ಮಾತ್ರ ನಮ್ಮದು.

ಆ ಮರ ಆಲೆ ಮರ. ಬೆಳ್ಳಗೆ, ದಂತದ ಹಾಗೆ ನುಣುಪು. ಒಣಗಿಸಿ, ತುಂಡು ಮಾಡಿ, ಲೇತಿಗೆ ಕಚ್ಚಿಸಿ ತಿರುಗಿಸುತ್ತಾ ಉಳಿಯಿಂದ ಕಡೆಯುತ್ತಾರೆ. ಆಮೇಲೆ ಬರೋದೇ ಮಜಾ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರದ ಮೇಲೆ ಹರಡಿಕೊಳ್ಳತ್ತೆ. ಬ್ರಷ್ ಇಲ್ಲ, ಒಲೆ ಇಲ್ಲ. ಆಮೇಲೆ ತಾಳೆಗರಿ ಅನ್ನುವ ಕೇದಗೆ ಜಾತಿಯ ಎಲೆಯಿಂದ ಉಜ್ಜಿದರೆ ಕನ್ನಡಿಯ ಹೊಳಪು ಬರತ್ತೆ. ಮೂಲೆ ಇಲ್ಲ, ಮೊನೆ ಇಲ್ಲ, ಎಲ್ಲ ದುಂಡಗೆ. ಲೇತಿನಲ್ಲಿ ದುಂಡಗಿರೋದು ಮಾತ್ರ ಸುಲಭಕ್ಕೆ ಬರೋದು, ಅದೇ ಮಗುವಿನ ಕೈಗೂ ಬಾಯಿಗೂ ಒಳ್ಳೇದಾಯ್ತು. ಅರಿಶಿನ, ನೀಲಿಗಿಡ ಇಂಥ ಸಸ್ಯಮೂಲದ ಬಣ್ಣ ಹಾಕಿದ್ದಾದರೆ ಕಚ್ಚಿದರೂ ಭಯ ಇಲ್ಲ. 2007ರಲ್ಲಿ ಮ್ಯಾಟೆಲ್ ಕಂಪನಿ ಚೀನಾದಲ್ಲಿ ಮಾಡಿಸಿದ ತನ್ನ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿತು ಅಂತ ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿತ್ತು. ಅದರ ಪಕ್ಕದಲ್ಲಿ ಇದನ್ನ ಇಟ್ಟು ನೋಡಿ.

ಬೊಂಬೆಗೆ ಪರದೆಗಿಂತ ಮುಂಚೆ ಹೊಡೆತ ಕೊಟ್ಟದ್ದು ಪ್ಲಾಸ್ಟಿಕ್ಕು. ನಾನು ಚಿಕ್ಕವನಿದ್ದಾಗ, ಅಂದ್ರೆ 2000ದ ದಶಕದಲ್ಲಿ, ಜಾತ್ರೆಯಲ್ಲೂ ಸಂತೆಯಲ್ಲೂ ಚೀನಾದ ಬ್ಯಾಟರಿ ಕಾರುಗಳೇ ತುಂಬಿದ್ದವು. ನಾನೂ ಅದಕ್ಕೇ ಅತ್ತವನು. 2006ರ ಹೊತ್ತಿಗೆ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ, ಅದೇ ಜಿಐ, ಸಿಕ್ಕಿತು. 2010ರಲ್ಲಿ ದೆಹಲಿಗೆ ಬಂದ ಮಿಷೆಲ್ ಒಬಾಮಾ ಇಲ್ಲಿಯ ಬೊಂಬೆ ಕೊಂಡರು ಅಂತ ಪೇಪರಿನಲ್ಲೆಲ್ಲ ಬಂತು. 2020ರ ಫೆಬ್ರವರಿಯಲ್ಲಿ ಆಮದು ಆಟಿಕೆಯ ಮೇಲಿನ ಸುಂಕ 20 ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ ಏರಿತು. ಎಲ್ಲ ಸರಿ. ಆದರೆ ಬ್ಯಾಟರಿ ಕಾರಿಗೆ ಸುಂಕ ಹಾಕಬಹುದು, ಫೋನಿನೊಳಗಿನ ಕಾರಿಗೆ ಯಾವ ಸುಂಕ ಹಾಕ್ತೀರಿ?

*

ಬೆಳ್ಳಿ ಪರದೆಗೂ ನಮ್ಮ ಸೀಮೆಗೂ ಇರೋ ನಂಟು ನಿಮಗೆಲ್ಲ ಗೊತ್ತಿರೋದೇ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯ ತಂಡ ರಾಮನಗರದ ರಾಮದೇವರ ಬೆಟ್ಟದ ತಪ್ಪಲಿಗೆ ಬಂದು ರಾಮಗಢ ಅನ್ನುವ ಇಡೀ ಊರನ್ನೇ ಕಟ್ಟಿತು. 1975ರ ಆಗಸ್ಟ್ 15ಕ್ಕೆ 'ಶೋಲೆ' ತೆರೆ ಕಂಡಿತು. ಗಬ್ಬರ್ ಸಿಂಗ್ ಹತ್ತಿ ನಿಂತ ಆ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂವಿಜ್ಞಾನದ ಪುಸ್ತಕಗಳಲ್ಲಿ ಅವುಗಳ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್, ರಾಮನಗರದ ಬ್ರಿಟಿಷ್ ಕಾಲದ ಹೆಸರಿನಿಂದ ಬಂದದ್ದು. ಮಾಗಡಿಯೇನು ಹಿಂದೆ ಬಿದ್ದಿಲ್ಲ. ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' (1984) ಮಾಡುವಾಗ ಕಥೆಯಲ್ಲಿ ಬಿಹಾರದ ಕಡೆ ಬರುವ ಗುಹೆಗಳಿಗೆ ಆರಿಸಿಕೊಂಡದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟವನ್ನು. ಊರವರು ಎರಡೂ ಸಲ ಶೂಟಿಂಗ್ ನೋಡೋಕೆ ಬುತ್ತಿ ಕಟ್ಟಿಕೊಂಡು ಹೋಗಿದ್ದರಂತೆ. ನಮ್ಮಪ್ಪ 'ಶೋಲೆ' ಶೂಟಿಂಗ್ ನೋಡಲು ಸ್ಕೂಲಿಗೆ ಚಕ್ಕರ್ ಹೊಡೆದು ಹೋಗಿ, ಇಡೀ ದಿನ ಕಾದು, ಒಂದು ಕುದುರೆಯನ್ನು ಮಾತ್ರ ನೋಡಿ ವಾಪಸ್ ಬಂದು, ತಾತನ ಕೈಲಿ ಬಾರುಕೋಲಿನ ಏಟು ತಿಂದವರು.

ಆದರೆ ಶೂಟಿಂಗ್ ಆದ ಊರಲ್ಲಿ ಸಿನಿಮಾ ನೋಡುವ ಜಾಗ ಯಾವುದು? ಪೇಟೆಯಲ್ಲಾದರೆ ಥೇಟರು, ಹಳ್ಳಿ ಕಡೆ ಟೂರಿಂಗ್ ಟಾಕೀಸು, ಅಂದ್ರೆ ಟೆಂಟು. ಅಪ್ಪ ಹೇಳೋ ಪ್ರಕಾರ ಸಂಜೆ ಕತ್ತಲಾಗುವವರೆಗೆ ಆಟ ಶುರುವಾಗೋ ಹಾಗಿಲ್ಲ, ಟೆಂಟಿನ ಬಟ್ಟೆಯೊಳಗೆ ಬೆಳಕು ನುಗ್ಗಿದರೆ ಪರದೆಯ ಮೇಲೆ ಏನೂ ಕಾಣೋದಿಲ್ಲ. ಮೈಕಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಹಾಕಿದರೆ ಟಿಕೆಟ್ ಕೊಡೋಕೆ ಶುರು ಮಾಡಿದರು ಅಂತ ಅರ್ಥ. ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ಆ ಹಾಡು ಕೇಳಿದವರು ಮುದ್ದೆ ನುಂಗಿ ಓಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಅಂತ ಮೂರು ಕ್ಲಾಸು. ರೀಲು ಬದಲಾಯಿಸುವಾಗ ಕಡಲೆಕಾಯಿ. ದಿನಕ್ಕೆ ಎರಡೇ ಆಟ.

ಈ 'ಆಟ' ಅನ್ನೋ ಮಾತನ್ನ ಸ್ವಲ್ಪ ಗಮನಿಸಿ. ಮೊದಲನೇ ಆಟ, ಎರಡನೇ ಆಟ. ಬೊಂಬೆ ಆಟ, ತೊಗಲುಗೊಂಬೆ ಆಟ, ಬಯಲಾಟ. ಮಗು ಬೀದಿಯಲ್ಲಿ ಆಡೋದೂ ಆಟ. ದೊಡ್ಡವರು ಕೂತು ನೋಡೋದಕ್ಕೂ ಮಕ್ಕಳು ಎದ್ದು ಆಡೋದಕ್ಕೂ ನಮ್ಮಲ್ಲಿ ಒಂದೇ ಮಾತು. ಮತ್ತೆ ಆ ಮಾತಿನ ಜೊತೆಗೆ ಯಾವಾಗಲೂ ಬರುವ ಇನ್ನೊಂದು ಮಾತಿದೆ: "ಆಟ ಬಿಡ್ತು". ಹತ್ತು ಗಂಟೆಗೆ ಮೊದಲನೇ ಆಟ ಬಿಡ್ತು, ಜನ ಬರ್ತಾವ್ರೆ, ಬಾಗಿಲು ತೆಗಿ ಅಂತ ಅಜ್ಜಿಯರು ಗಡಿಯಾರ ನೋಡದೆ ಹೇಳುತ್ತಿದ್ದರಂತೆ. ಆಟ ಅಂದ್ರೆ ಬಿಡುವಂಥದ್ದು.

*

ಇಲ್ಲಿ ನಿಂತು ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಇದು 'ನಮ್ಮ ಕಾಲದಲ್ಲಿ...' ಅನ್ನೋ ಫಾರ್ವರ್ಡ್ ಮೆಸೇಜಿನ ಥರ ಆಗಿಬಿಡತ್ತೆ. ಪರದೆ ಬರುವ ಮುಂಚೆ ನಮ್ಮ ಸೀಮೆಯ ಮಕ್ಕಳೆಲ್ಲ ಚಿನ್ನಿದಾಂಡು, ಬುಗುರಿ ಆಡಿಕೊಂಡು ಸುಖವಾಗಿದ್ದರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ರಾಮನಗರ ರೇಷ್ಮೆಯ ಊರು. ಅಲ್ಲಿಯ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರುವಾಸಿ. ಆ ರೇಷ್ಮೆಯ ನೂಲು ಬಿಚ್ಚುವ ಕಡೆ, ಕುದಿನೀರಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹುಡುಕುತ್ತಿದ್ದ ಬೆರಳುಗಳಲ್ಲಿ ಎಷ್ಟೋ ಮಕ್ಕಳ ಬೆರಳುಗಳು. ರಾಮನಗರದ ನೂಲು ಬಿಚ್ಚುವ ಮನೆಗಳು, ಮಾಗಡಿ ಕಡೆಯ ಹುರಿ ಮಾಡುವ ಘಟಕಗಳು, ಸಾಲಕ್ಕೆ ಜೀತ ಇಟ್ಟ ಮಕ್ಕಳು... 1986ರಲ್ಲೇ ಬಾಲಕಾರ್ಮಿಕ ಕಾಯ್ದೆ ಬಂದಿತ್ತು, ಆದರೂ 1996ರಲ್ಲಿ ಒಮ್ಮೆ, 2003ರಲ್ಲಿ ಮತ್ತೊಮ್ಮೆ ಹ್ಯೂಮನ್ ರೈಟ್ಸ್ ವಾಚ್ ಈ ಬಗ್ಗೆ ವರದಿ ಬರೆಯಬೇಕಾಯ್ತು. ನಮ್ಮ ಪ್ರೈಮರಿ ಸ್ಕೂಲಲ್ಲೂ ಒಬ್ಬ ಹುಡುಗ ಇದ್ದ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು, ಹತ್ತಿರ ಕೂತರೆ ಬೆಂದ ಹುಳದ ವಾಸನೆ. ನಾಲ್ಕನೇ ಕ್ಲಾಸಿನಿಂದ ಬರಲಿಲ್ಲ. ಅವನಿಗೆ ಪರದೆಯ ಕಾಟ ಇರಲಿಲ್ಲ, ನಿಜ. ಆಟವೂ ಇರಲಿಲ್ಲ.

*

ಈಗ ಟಿವಿ. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಕರ್ನಾಟಕದ ಮಕ್ಕಳಿಗೆ ಟಿವಿ ಮೊದಲು ಬಂದದ್ದು ಬೆಂಗಳೂರಿನಲ್ಲಲ್ಲ! 1975ರ ಆಗಸ್ಟ್ 1ಕ್ಕೆ, 'ಶೋಲೆ' ಬಿಡುಗಡೆಗೆ ಎರಡು ವಾರ ಮುಂಚೆ, ಸೈಟ್ ಅನ್ನುವ ಉಪಗ್ರಹ ಟಿವಿ ಪ್ರಯೋಗ ಶುರುವಾಯ್ತು. ನಾಸಾದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಉಪಗ್ರಹ, ಇಸ್ರೋ ಕೆಲಸ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮ ರಾಜ್ಯದಿಂದ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೋಳಿಗೂಡಿನ ಜಾಲರಿಯಂಥ ತಂತಿ ಬಲೆಯಲ್ಲಿ ಹತ್ತಡಿಯ ಆಂಟೆನಾ ಮಾಡಿ ಶಾಲೆಯ ಮುಂದೆ ನಿಲ್ಲಿಸಿದರು. ಬೆಳಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೆಳಗಿನ ಒಂದೂವರೆ ಗಂಟೆಯನ್ನ ನಾಲ್ಕು ಭಾಷೆಗೆ ಹಂಚಿದ್ದರಿಂದ ಕನ್ನಡದ ಮಕ್ಕಳ ಪಾಲಿಗೆ ಬಂದದ್ದು 22 ನಿಮಿಷದ ಆಸುಪಾಸು.

ಇಪ್ಪತ್ತೆರಡು ನಿಮಿಷ! ಯಾರೂ 'ಸ್ಕ್ರೀನ್ ಟೈಮ್' ಅನ್ನೋ ಮಾತನ್ನೇ ಆಡದ ಕಾಲದಲ್ಲಿ ಸರ್ಕಾರವೇ ಮಗುವಿಗೆ ಅಳೆದು ಕೊಟ್ಟ ಹಾಗಾಯ್ತು. ಬೇಕೂಂತ ಮಾಡಿದ್ದಲ್ಲ, ಉಪಗ್ರಹ ಒಂದೇ, ಭಾಷೆ ನಾಲ್ಕು, ಅಷ್ಟೇ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಅಮೆರಿಕದವರಿಗೆ ವಾಪಸ್. ಅಲ್ಲೂ ಆಟ ಬಿಡ್ತು.

ನಮ್ಮ ಕಡೆಗೆ ಟಿವಿ ಬಂದದ್ದು 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ. 1987-88ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ನೋಡೋಕೆ ಊರಿಗೊಂದೋ ಎರಡೋ ಟಿವಿ ಇದ್ದ ಮನೆಗೆ ಜನ ಚಪ್ಪಲಿ ಬಿಟ್ಟು ಹೋಗಿ ಕೂರುತ್ತಿದ್ದರು. ಹತ್ತಾರು ಜನ ಸೇರಿ ನೋಡಿದ್ದು, ವಾರಕ್ಕೊಂದು ಸಲ. ನನ್ನ ಕಾಲಕ್ಕೆ ಕೇಬಲ್ಲು ಬಂದು ದಿನವಿಡೀ ಕಾರ್ಟೂನ್ ಇತ್ತು. ಆದರೂ ನಮಗೊಬ್ಬ ಗಟ್ಟಿ ಕಾವಲುಗಾರ ಇದ್ದ, ಲೋಡ್ ಶೆಡ್ಡಿಂಗ್! ಸಂಜೆ ಆರಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ನಾವು ಬೈಕೊಂಡು ಬೀದಿಗಿಳಿಯುತ್ತಿದ್ದೆವು. ನಾನು ಕ್ರಿಕೆಟ್ ಕಲಿತಿದ್ದರೆ ಅದರ ಪುಣ್ಯ ಕೆಇಬಿಯವರದ್ದೇ. (ಹೆಸರು ಬದಲಾಗಿ ಎಷ್ಟೋ ವರ್ಷವಾದರೂ ನಮಗೆ ಅದು ಕೆಇಬಿಯೇ.)

ಇದೆಲ್ಲ ಮುರಿದುಬಿದ್ದದ್ದಕ್ಕೆ ನಾನು ಎರಡು ತಾರೀಕು ಕೊಡ್ತೀನಿ. ಒಂದು 2016ರ ಸೆಪ್ಟೆಂಬರ್ 5, ಜಿಯೋ ಬಂದ ದಿನ. ಅಲ್ಲಿಯವರೆಗೆ ಡೇಟಾ ಅಂದ್ರೆ ಚೀಟಿ ಎಣಿಸಿದ ಹಾಗೆ ಎಂಬಿ ಎಣಿಸುತ್ತಿದ್ದ ಮನೆಗಳಲ್ಲಿ ಎಣಿಸುವುದೇ ನಿಂತು ಹೋಯಿತು. ಇನ್ನೊಂದು 2020ರ ಮಾರ್ಚ್ 25, ಲಾಕ್‌ಡೌನ್.

ಲಾಕ್‌ಡೌನ್ ಸಮಯದಲ್ಲಿ ಕರ್ನಾಟಕದಲ್ಲಿ ನಡೆದದ್ದು ನಿಜಕ್ಕೂ ಇತಿಹಾಸದ ಪುಸ್ತಕಕ್ಕೆ ಹೋಗಬೇಕಾದದ್ದು. ಜೂನ್ 2020ರಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ಕ್ಲಾಸು ಮಾಡಲೇಬಾರದು ಅಂತ ಆದೇಶ ಹೊರಡಿಸಿತು. ಸುರೇಶ್ ಕುಮಾರ್ ಆಗ ಶಿಕ್ಷಣ ಸಚಿವರು. ಚಿಕ್ಕ ಮಕ್ಕಳಿಗೆ ಇದು ಒಳ್ಳೇದಲ್ಲ ಅಂತ ನಿಮ್ಹಾನ್ಸ್ ಹೇಳಿತ್ತು, ಪ್ರೊ. ಎಂ.ಕೆ. ಶ್ರೀಧರ್ ನೇತೃತ್ವದಲ್ಲಿ ಸಮಿತಿಯೂ ಆಯ್ತು. ಆಮೇಲೆ ಇಂಥ ತರಗತಿಗೆ ಇಷ್ಟೇ ನಿಮಿಷ ಅಂತ ಸಡಿಲ ಮಾಡಿದರು. ಪೋಷಕರು ಕೋರ್ಟಿಗೆ ಹೋದರು, ಜುಲೈ 8ಕ್ಕೆ ಹೈಕೋರ್ಟು ಆ ಆದೇಶಗಳಿಗೆ ತಡೆ ಕೊಟ್ಟಿತು. ಮಕ್ಕಳ ಶಿಕ್ಷಣದ ಮೂಲಭೂತ ಹಕ್ಕಿಗೆ ಇದು ಅಡ್ಡ ಬರತ್ತೆ ಅನ್ನೋದು ಮೇಲ್ನೋಟಕ್ಕೆ ಕೋರ್ಟಿಗೆ ಕಂಡದ್ದು.

ಯಾರು ಸರಿ? ನನ್ನ ಕೇಳಿದರೆ ಇಬ್ಬರೂ. ಐದು ವರ್ಷದ ಮಗುವನ್ನ ಲ್ಯಾಪ್‌ಟಾಪ್ ಮುಂದೆ ಕೂರಿಸೋದು ತಪ್ಪು, ಇಡೀ ವರ್ಷ ಪಾಠವಿಲ್ಲದೆ ಬಿಡೋದೂ ತಪ್ಪು. ಆದರೆ ಆ ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಯೋಜನೆಯನ್ನ ನೆನಪು ಮಾಡಿಕೊಳ್ಳಬೇಕು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಹಳ್ಳಿಗೇ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳಲ್ಲಿ ನಾಲ್ಕಾರು ಮಕ್ಕಳನ್ನ ಕೂರಿಸಿಕೊಂಡು ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯ್ತು. ಆಮೇಲೆ ಉಳಿದದ್ದು ಫೋನು. ಸ್ಕೂಲು ಬಾಗಿಲು ತೆಗೆದ ಮೇಲೂ ಮಕ್ಕಳ ಕೈಗೆ ಹೋದ ಫೋನು ವಾಪಸ್ ಬರಲಿಲ್ಲ.

*

ಈಗ ನಿದ್ದೆ ಬಾರದ್ದಕ್ಕೆ ಇನ್ನೊಂದು ಕಾರಣ ಅಂದೆನಲ್ಲ, ಅದು. ನಾನು ಸಾಫ್ಟ್‌ವೇರ್ ಇಂಜಿನಿಯರು, ಒಂದು ಮೊಬೈಲ್ ಆಪ್ ಮಾಡುವ ತಂಡದಲ್ಲಿದ್ದೇನೆ. ಮಕ್ಕಳ ಆಪ್ ಅಲ್ಲ, ನೆಮ್ಮದಿ. ಆದರೆ ಪ್ರತಿ ಸೋಮವಾರ ನಮ್ಮ ಮೀಟಿಂಗಿನಲ್ಲಿ ಒಂದು ಗ್ರಾಫು ಬರತ್ತೆ. ಜನ ಒಂದು ಸಲ ಆಪ್ ತೆರೆದರೆ ಸರಾಸರಿ ಎಷ್ಟು ಹೊತ್ತು ಇರ್ತಾರೆ ಅಂತ. ಗೆರೆ ಮೇಲೆ ಹೋದರೆ ಚಪ್ಪಾಳೆ, ಕೆಳಗೆ ಬಂದರೆ 'ಯಾಕೆ' ಅಂತ ವಿಚಾರಣೆ. ಎರಡು ವರ್ಷ ಆ ಚಪ್ಪಾಳೆಗೆ ನಾನೂ ಕೈ ಸೇರಿಸಿದ್ದೇನೆ. ಪುಟದ ಕೊನೆ ಬಂದಾಗ ಜನ ಹೊರಟು ಹೋಗ್ತಾರೆ ಅಂತ ಗೊತ್ತಾದಾಗ ಪುಟಕ್ಕೆ ಕೊನೆಯೇ ಇಲ್ಲದ ಹಾಗೆ ಕೋಡ್ ಬರೆದವನು ಕೂಡ ನಾನೇ. ಅದೇನು ನನ್ನ ಕಂಡುಹಿಡಿತ ಅಲ್ಲ. ಅಝಾ ರಾಸ್ಕಿನ್ ಅನ್ನೋ ಅಮೆರಿಕದ ಡಿಸೈನರ್ 2006ರಲ್ಲಿ ಹೀಗೆ ಮುಗಿಯದ ಪುಟವನ್ನ ರೂಪಿಸಿದ, ಮುಂದೆ ಅದಕ್ಕೆ ಪಶ್ಚಾತ್ತಾಪವನ್ನೂ ಪಟ್ಟ. 2015ರಲ್ಲಿ ಯೂಟ್ಯೂಬು ಒಂದು ವಿಡಿಯೊ ಮುಗಿದ ಕೂಡಲೇ ಮುಂದಿನದು ತಾನಾಗೇ ಶುರುವಾಗೋದನ್ನ ಸಾಮಾನ್ಯ ನಿಯಮ ಮಾಡಿತು. ಮಕ್ಕಳ ಯೂಟ್ಯೂಬಿನಲ್ಲಿ ಅದನ್ನ ಮೊದಲಿಂದಲೇ ಆಫ್ ಆಗಿರುವ ಹಾಗೆ ಮಾಡ್ತೀವಿ ಅಂತ ಹೇಳಿದ್ದು 2021ರಲ್ಲಿ. ನಮ್ಮ ಅವ್ವನ ಫೋನಿನಲ್ಲಿರೋದು ಮಕ್ಕಳ ಯೂಟ್ಯೂಬ್ ಅಲ್ಲ, ದೊಡ್ಡವರದ್ದೇ. ಎಲ್ಲ ಅವ್ವಂದಿರ ಫೋನಿನಲ್ಲೂ ಇರೋದು ಅದೇ.

ತೊಗಲುಗೊಂಬೆಯವನಿಗೆ ಬೆಳಕು ಹರಿಯುತ್ತಿತ್ತು. ಟೆಂಟಿನವನಿಗೆ ರೀಲು ಮುಗಿಯುತ್ತಿತ್ತು. ಸೈಟ್‌ಗೆ ಉಪಗ್ರಹ ಸಾಲದಾಗಿತ್ತು. ದೂರದರ್ಶನ ರಾತ್ರಿ ಮುಚ್ಚುತ್ತಿತ್ತು, ಕೇಬಲ್ಲಿಗೆ ಕರೆಂಟು ಹೋಗುತ್ತಿತ್ತು. ಮಗುವಿನ ಪರದೆಯನ್ನ ಅಪ್ಪ ಅಮ್ಮ ಯಾವ ಕಾಲದಲ್ಲೂ ಕಿತ್ತುಕೊಂಡಿರಲಿಲ್ಲ, ಅದು ತಾನಾಗೇ ಮುಗಿಯುತ್ತಿತ್ತು. ಈಗ ಮೊದಲ ಸಲ ಆಟ ಬಿಡಿಸುವ ಕೆಲಸ ತಾಯಿಯ ಮೇಲೆ ಬಿದ್ದಿದೆ. ಅಕ್ಕ ಫೋನ್ ಕಿತ್ತುಕೊಂಡಾಗ ಅಳಿಯ ನೆಲಕ್ಕೆ ತಲೆ ಚಚ್ಚಿಕೊಂಡು ಅಳುತ್ತಾನೆ, ಅವಳು 'ನಾನು ಕೆಟ್ಟ ತಾಯಿ' ಅಂತ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ತಾಳೆ. ಅವಳ ಎದುರಾಳಿ ಮೂರೂವರೆ ವರ್ಷದ ಮಗು ಅಲ್ಲ, ಪ್ರತಿ ಸೋಮವಾರ ಗ್ರಾಫ್ ನೋಡುವ ನನ್ನಂಥವರು ಅಂತ ಅವಳಿಗೆ ಹೇಗೆ ಹೇಳಲಿ?

ಡಾಕ್ಟರುಗಳ ಲೆಕ್ಕ ಸ್ಪಷ್ಟ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೇದು. ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಮೊಬೈಲು, ಇಂಟರ್ನೆಟ್ ಗೀಳಿಗೆ ಅಂತ 'ಶಟ್' ಕ್ಲಿನಿಕ್ ಶುರುವಾಗಿತ್ತು. ಹೆಸರು ಚೆನ್ನಾಗಿಟ್ಟಿದ್ದಾರೆ.

ಆದರೆ ನನಗೆ ಹಿಡಿಸಿದ್ದು ನಮ್ಮ ಗಡಿಯಾಚೆಯ ಒಂದು ಹಳ್ಳಿ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್. 2022ರಲ್ಲಿ ಅಲ್ಲಿ ಊರವರೇ ಸೇರಿ ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್, ಮೊಬೈಲು ಟಿವಿ ಎಲ್ಲ ಬಂದ್. ಎಂಟೂವರೆಗೆ ಇನ್ನೊಂದು ಸೈರನ್ ಆಗುವವರೆಗೆ ಮಕ್ಕಳು ಓದೋದು, ದೊಡ್ಡವರು ಮಾತಾಡೋದು. ಒಂದು ಮನೆ ಒಂಟಿಯಾಗಿ ಮಾಡಲಾಗದ್ದನ್ನ ಊರು ಮಾಡಿತು. 'ಪಕ್ಕದ ಮನೆಯವನು ನೋಡ್ತಾವ್ನೆ' ಅನ್ನೋ ವಾದವೇ ಇರಲಿಲ್ಲ. ಟೆಂಟಿನ ಮೈಕ್ ನೆನಪಾಯ್ತು ನನಗೆ, ತಿರುಗುಮುರುಗಾಗಿ.

*

ಮಾರನೇ ದಿನ ಅಳಿಯನನ್ನ ಬೈಕಿನ ಮುಂದೆ ಕೂರಿಸಿಕೊಂಡು ಹಳೇ ಹೆದ್ದಾರಿ ಕಡೆ ಹೋದೆ. 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತಲ್ಲ, ಅದು ರಾಮನಗರ ಚನ್ನಪಟ್ಟಣವನ್ನ ಬಳಸಿಕೊಂಡು ಹೋಗತ್ತೆ. ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಸಾಲಾಗಿ ನಿಂತಿರುತ್ತಿದ್ದ ಕಾರುಗಳು ಈಗ ಕಡಿಮೆ. ಮರದ ತೂಗುಕುದುರೆಗಳು ಮಾತ್ರ ಹಾಗೇ ನಿಂತಿದ್ದವು, ಧೂಳು ಹಿಡಿದುಕೊಂಡು. ಅಂಗಡಿಯವರು ಅಪ್ಪನಿಗೆ ಪರಿಚಯ. "ಮೊದ್ಲು ಮಕ್ಕಳು ಕಾರಿನ ಕಿಟಕಿಯಿಂದ ಕುದ್ರೆ ನೋಡಿ ನಿಲ್ಸಿ ಅಂತ ಅಳೋವು ಸಾರ್. ಈಗ ನಿಲ್ಸುದ್ರೂ ತಲೆ ಎತ್ತಕಿಲ್ಲ, ಒಳ್ಗೇ ಫೋನ್ ನೋಡ್ತಾ ಕುಂತಿರ್ತವೆ" ಅಂದರು.

ಹಿಂದಿನ ಗಲ್ಲಿಯಲ್ಲಿ ಅವರದ್ದೇ ಲೇತು. ವಯಸ್ಸಾದ ಒಬ್ಬರು ಬುಗುರಿ ಕಡೆಯುತ್ತಿದ್ದರು. ಅಳಿಯ ಮೊದಲು ಸದ್ದಿಗೆ ಹೆದರಿ ನನ್ನ ಕಾಲು ಹಿಡಿದುಕೊಂಡ. ಆಮೇಲೆ ಮರದ ಹೊಟ್ಟು ರಿಬ್ಬನ್ನಿನಂತೆ ಸುರುಳಿ ಸುತ್ತಿ ಹಾರುವುದನ್ನ ನೋಡಿ ಮುಂದೆ ಹೋದ. ಕೆಂಪು ಅರಗು ಒತ್ತಿದಾಗ ಬಿಳಿ ಮರ ಒಂದೇ ಉಸಿರಿಗೆ ಕೆಂಪಾಯ್ತಲ್ಲ, ಆಗ ಅವನ ಬಾಯಿ ತೆರೆಯಿತು, ಅನ್ನ ಇಲ್ಲದೆಯೇ :-) ಅಲ್ಲಿಂದ ಎತ್ತಿಕೊಂಡು ಬರೋದೇ ಕಷ್ಟ ಆಯ್ತು. ಬುಗುರಿ ಕೊಂಡೆ. ಮನೆಗೆ ಬಂದು ಶೋಕೇಸಿನ ಬೀಗವನ್ನೂ ತೆಗೆಸಿದೆ. ರಾಣಿಯ ಕಿರೀಟ ಎರಡೇ ದಿನಕ್ಕೆ ಮುರಿಯಿತಂತೆ, ಅಕ್ಕ ಫೋನಿನಲ್ಲಿ ಬೈದಳು.

ಫೋನು ಹೋಗಿಲ್ಲ, ಅಷ್ಟು ಸುಲಭಕ್ಕೆ ಹೋಗೋದೂ ಇಲ್ಲ. ನಾನು ಮಾಡಿದ್ದು ಒಂದೇ ಕೆಲಸ. ಮೂರು ಪುಟ್ಟ ವಿಡಿಯೊ ಇಳಿಸಿಟ್ಟು, ಅವನ ಕೈಗೆ ಕೊಡುವಾಗ ಇಂಟರ್ನೆಟ್ ಆಫ್ ಮಾಡೋದನ್ನ ಅವ್ವನಿಗೆ ಕಲಿಸಿಕೊಟ್ಟೆ. ಮೂರು ಮುಗಿದ ಮೇಲೆ ಮುಂದೆ ಏನೂ ಬರೋದಿಲ್ಲ, ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಅವ್ವ ಅದಕ್ಕೆ ತಮ್ಮದೊಂದು ಸೇರಿಸಿದ್ದಾರೆ. ಶುರುವಾಗುವ ಮುಂಚೆ 'ನಮೋ ವೆಂಕಟೇಶ' ಗುನುಗುತ್ತಾರೆ, ಮುಗಿದಾಗ "ಆಟ ಬಿಡ್ತು ಕಣ್ ಮಗ, ಏಳು" ಅಂತಾರೆ. ಮೊದಲ ನಾಲ್ಕು ದಿನ ರಂಪ. ಈಗ ಸುಮಾರಾಗಿ ಏಳ್ತಾನಂತೆ.

ಮೊನ್ನೆ ಭಾನುವಾರ ವಿಡಿಯೊ ಕಾಲ್ ಮಾಡಿದ್ದೆ. ಬುಗುರಿ ಕೈಯಲ್ಲಿ ಹಿಡಿದುಕೊಂಡು ಬಂದ. ತಿರುಗಿಸೋಕೆ ಇನ್ನೂ ಬರಲ್ಲ, ನೆಲಕ್ಕೆ ಎಸೆಯುತ್ತಾನೆ ಅಷ್ಟೇ. ಐದು ನಿಮಿಷ ಮಾತಾಡಿ ಆಯ್ತು, ಇಡ್ತೀನಿ ಕಣೋ ಅಂದೆ. ಪರದೆಗೆ ಮೂಗು ತಾಗಿಸಿಕೊಂಡು ಕೇಳಿದ:

"ಮಾಮಾ, ಎರಡನೇ ಆಟ ಯಾವಾಗ?"